ಅರ್ಧ ಬಿಟ್ಟರೆ ಎದೆ ಒಪ್ಪುವುದಿಲ್ಲ

ಬೈಲಹೊಂಗಲದ ಹತ್ತಿ ಪೇಟೆಯ ಹಮಾಲರಿರಲಿ, ರಾಮದುರ್ಗದ ನೇಕಾರರಿರಲಿ, ಸವದತ್ತಿ, ಕಿತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೂತ ರೈತರಿರಲಿ, ಬೀಡಿ ಸಿಗರೇಟಿನ ಮಾತು ತೆಗೆದರೆ ನಮ್ಮ ಕಡೆ ಬರುವ ಉತ್ತರ ಬಹುತೇಕ ಒಂದೇ. “ಕಮ್ಮಿ ಮಾಡೀನ್ರಿ ಸರ್, ಮೊದಲಿನಂಗ ಇಲ್ಲ ಈಗ.” ಅದು ಸುಳ್ಳಲ್ಲ. ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದವರು ಒಂದಕ್ಕೆ ಇಳಿದಿರುತ್ತಾರೆ. ಹಾಗೆ ಇಳಿಯಲು ಹೆಂಡತಿಯ ಕಣ್ಣೀರೋ, ಮಗಳ ಮುನಿಸೋ, ಬೆಳಗಿನ ಜಾವದ ಕೆಮ್ಮೋ ಕಾರಣವಾಗಿರುತ್ತದೆ. ಆ ಪ್ರಯತ್ನವನ್ನು ಹಗುರ ಮಾಡುವ ಮನಸ್ಸು ನನಗಿಲ್ಲ. ಆದರೆ ಅಷ್ಟಕ್ಕೇ ನಿಂತರೆ ಏನಾಗುತ್ತದೆ ಎಂಬುದನ್ನು ಅವರಿಗೆ ಹೇಳದೆ ಸುಮ್ಮನಿರುವುದೂ ಸರಿಯಲ್ಲ.

2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಅಧ್ಯಯನವೊಂದು ಹಳೆಯ ಹಲವು ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿತು. ದಿನಕ್ಕೆ 20 ಸಿಗರೇಟು ಸೇದುವವನಿಗೆ ಹೃದ್ರೋಗದ ಅಪಾಯ ಎಷ್ಟು ಹೆಚ್ಚುತ್ತದೋ, ದಿನಕ್ಕೆ ಒಂದೇ ಒಂದು ಸೇದುವವನಿಗೂ ಅದರ ಅರ್ಧದಷ್ಟು ಅಪಾಯ ಹೆಚ್ಚುಕಡಿಮೆ ಉಳಿದೇ ಇರುತ್ತದೆ ಎಂದು ಅದು ಕಂಡುಕೊಂಡಿತು. ಶ್ವಾಸಕೋಶದ ಕ್ಯಾನ್ಸರಿನ ಲೆಕ್ಕ ಬೇರೆ. ಅಲ್ಲಿ ಎಷ್ಟು ಸೇದಿದ, ಎಷ್ಟು ವರ್ಷ ಸೇದಿದ ಎಂಬುದು ನಡೆಯುತ್ತದೆ. ಆದರೆ ರಕ್ತನಾಳದ ಒಳಪದರಕ್ಕೆ ಸ್ವಲ್ಪ ಹೊಗೆಯೇ ಸಾಕು. ಅದು ಕೆರಳುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಇನ್ನೊಂದು ಮಾತು, ಕಡಿಮೆ ಮಾಡಿದವನು ತನಗೆ ಗೊತ್ತಿಲ್ಲದೆಯೇ ಉಳಿದ ಬೀಡಿಯನ್ನು ಆಳವಾಗಿ ಎಳೆಯುತ್ತಾನೆ. ನಿಕೋಟಿನ್‌ಗೆ ಒಗ್ಗಿದ ಮಿದುಳು ತನ್ನ ಪಾಲನ್ನು ಬಿಟ್ಟುಕೊಡುವುದಿಲ್ಲ. ಬೀಡಿಯಂತೂ ಈ ವಿಷಯದಲ್ಲಿ ಸಿಗರೇಟಿಗಿಂತ ಕೆಟ್ಟದ್ದು. ತೆಂಡು ಎಲೆಯಲ್ಲಿ ಗಾಳಿ ಆಡದು, ಆರದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಒಳಗಿರುವ ತಂಬಾಕು ಕಡಿಮೆಯಾದರೂ ಎದೆಗೆ ಇಳಿಯುವ ವಿಷ ಕಡಿಮೆಯಲ್ಲ.

ಇ-ಸಿಗರೇಟಿನ ಮಾತು ಬರುವುದು ಇಲ್ಲಿಯೇ. ಬೆಂಗಳೂರು, ಪುಣೆ, ಗೋವಾದ ಕಡೆ ದುಡಿಯಲು ಹೋದ ಹುಡುಗರು ಊರಿಗೆ ಬಂದಾಗ ಕಿಸೆಯಲ್ಲಿ ತರುವ ವಸ್ತು ಅದು. “ಕಾಕಾ, ಇದರಾಗ ಹೊಗಿ ಇಲ್ಲ, ಬರೇ ಉಗಿ. ಬೀಡಿ ಬಿಡಾಕ ಇದ ಚಲೋ” ಎನ್ನುತ್ತಾರೆ. ಆ ಮಾತಿನಲ್ಲಿ ಸತ್ಯವೂ ಇದೆ. ಈಗಿನ ರೂಪದ ಇ-ಸಿಗರೇಟನ್ನು 2003ರ ಹೊತ್ತಿಗೆ ರೂಪಿಸಿದವರು ಚೀನಾದ ಹಾನ್ ಲಿಕ್ ಎಂಬ ಔಷಧತಜ್ಞರು. ಅವರು ಸ್ವತಃ ಸಿಗರೇಟು ಸೇದುತ್ತಿದ್ದರು, ಅವರ ತಂದೆ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಇ-ಸಿಗರೇಟಿನಲ್ಲಿ ತಂಬಾಕು ಉರಿಯುವುದಿಲ್ಲ, ನಿಕೋಟಿನ್ ಬೆರೆಸಿದ ದ್ರವ ಕಾದು ಹಬೆಯಾಗುತ್ತದೆ. ಉರಿ ಇಲ್ಲದ್ದರಿಂದ ಟಾರು, ಕಾರ್ಬನ್ ಮೊನಾಕ್ಸೈಡುಗಳ ಕಾಟವಿಲ್ಲ. 2019ರಲ್ಲಿ ಇಂಗ್ಲೆಂಡಿನ 886 ಧೂಮಪಾನಿಗಳ ಮೇಲೆ ನಡೆದ ಪ್ರಯೋಗದ ಫಲ ಪ್ರಕಟವಾಯಿತು. ಇ-ಸಿಗರೇಟು ಪಡೆದವರಲ್ಲಿ ಶೇ. 18ರಷ್ಟು ಮಂದಿ ವರ್ಷದ ಕೊನೆಗೆ ಸಿಗರೇಟು ಬಿಟ್ಟಿದ್ದರು. ನಿಕೋಟಿನ್ ಗಮ್, ಪಟ್ಟಿಯಂಥವನ್ನು ಪಡೆದವರಲ್ಲಿ ಹಾಗೆ ಬಿಟ್ಟವರು ಶೇ. 9.9. ಇದನ್ನು ಮುಚ್ಚಿಡಬಾರದು. ಆದರೆ ಇ-ಸಿಗರೇಟಿನಿಂದ ಬಿಟ್ಟವರಲ್ಲಿ ಶೇ. 80ರಷ್ಟು ಜನ ವರ್ಷದ ನಂತರವೂ ಅದನ್ನೇ ಹಿಡಿದಿದ್ದರು, ಗಮ್, ಪಟ್ಟಿಗಳವರಲ್ಲಿ ಹಾಗೆ ಉಳಿದವರು ಶೇ. 9 ಮಾತ್ರ. ಇದನ್ನೂ ಮುಚ್ಚಿಡಬಾರದು. ಬೀಡಿಯನ್ನೂ ಸೇದಿ ಇದನ್ನೂ ಎಳೆಯುವವರಿಗಂತೂ ಬಂದ ಲಾಭ ಅತ್ಯಲ್ಪ. ಎದೆಗೆ ಹೊಗೆ ಹೋಗುತ್ತಲೇ ಇರುತ್ತದೆ, “ಕಮ್ಮಿ ಮಾಡೀನಿ” ಎಂಬ ಸಮಾಧಾನ ಮಾತ್ರ ಗಟ್ಟಿಯಾಗುತ್ತದೆ.

ನಮ್ಮಲ್ಲಿ ಈ ದಾರಿ ಮುಚ್ಚಿದೆ. ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ತಂದು ಡಿಸೆಂಬರಿನಲ್ಲಿ ಕಾಯ್ದೆ ಮಾಡಿತು. ತಯಾರಿಕೆ, ಮಾರಾಟ, ಆಮದು, ಜಾಹೀರಾತು ಎಲ್ಲವೂ ಅಪರಾಧ. ಹೀಗಾಗಿ ಇಂದು ಕೈಗೆ ಸಿಗುವುದೆಲ್ಲ ಕಳ್ಳದಾರಿಯ ಮಾಲು. ಒಳಗಿನ ದ್ರವದಲ್ಲಿ ಏನಿದೆ, ನಿಕೋಟಿನ್ ಎಷ್ಟಿದೆ ಎಂದು ಪರೀಕ್ಷಿಸಿದವರಿಲ್ಲ. ಅಮೆರಿಕದಲ್ಲಿ 2020ರ ಫೆಬ್ರುವರಿ ಹೊತ್ತಿಗೆ 2,807 ಜನ ಇಂಥ ಸಾಧನಗಳಿಂದ ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದ್ದರು, 68 ಜನ ತೀರಿಕೊಂಡಿದ್ದರು. ಗಾಂಜಾದ ಅಂಶ ಬೆರೆತ, ಹೆಚ್ಚಾಗಿ ಹೊರದಾರಿಯಲ್ಲಿ ಕೊಂಡ ದ್ರವಕ್ಕೆ ಸೇರಿಸಿದ್ದ ವಿಟಮಿನ್ ಇ ಅಸಿಟೇಟ್ ಅದರ ಮುಖ್ಯ ಕಾರಣವೆಂದು ಗೊತ್ತಾಯಿತು. ಕಾಕಾನಿಗೆ ಅಂಥದ್ದನ್ನು ತಂದುಕೊಡುವ ಹುಡುಗನ ಪ್ರೀತಿ ದೊಡ್ಡದು, ವಸ್ತು ಮಾತ್ರ ಔಷಧವಲ್ಲ.

ನಿಷೇಧವನ್ನು ನಾನು ಒಪ್ಪುತ್ತೇನೆ, ಶಾಲೆ ಕಾಲೇಜಿನ ಮಕ್ಕಳನ್ನು ನೆನೆದು. ಆದರೆ ನನಗೆ ನೋವಾಗುವುದು ಬೇರೆ ಕಾರಣಕ್ಕೆ. ಬೀಡಿ ಎಲ್ಲ ಪಾನಂಗಡಿಯಲ್ಲೂ ಇದೆ. ಅದಕ್ಕೆ ಬೇಕಾದ ತಂಬಾಕು ನಮ್ಮದೇ ಜಿಲ್ಲೆಯ ನಿಪ್ಪಾಣಿಯ ಸುತ್ತ ಬೆಳೆಯುತ್ತದೆ. ಹಾಗಿರುವಾಗ ಬಿಡಬೇಕೆನ್ನುವವನಿಗೆ ನಾವು ಏನು ಕೊಟ್ಟಿದ್ದೇವೆ? 2 ಮಿಲಿಗ್ರಾಂ ನಿಕೋಟಿನ್ ಗಮ್ ಡಾಕ್ಟರ ಚೀಟಿ ಇಲ್ಲದೆಯೂ ಸಿಗುತ್ತದೆ. ಅದನ್ನು ತಿನ್ನುವ ಬಗೆಯನ್ನು ಹೇಳುವವರೇ ಇಲ್ಲ. ಎಲೆಅಡಿಕೆಯಂತೆ ಜಗಿದು ರಸ ನುಂಗಿದರೆ ಬಿಕ್ಕಳಿಕೆ ಬರುತ್ತದೆ, ಹೊಟ್ಟೆ ಉರಿಯುತ್ತದೆ, ಜನ ಎಸೆದುಬಿಡುತ್ತಾರೆ. ನಿಧಾನವಾಗಿ ಜಗಿದು, ನಾಲಿಗೆ ಚುರುಗುಟ್ಟಿದ ಕೂಡಲೇ ಕೆನ್ನೆಯ ಮಗ್ಗುಲಿಗೆ ಒತ್ತಿ ಇಟ್ಟುಕೊಳ್ಳಬೇಕು. ನಿಕೋಟಿನ್ ಬಾಯಿಯ ಒಳಚರ್ಮದ ಮೂಲಕ ಇಳಿಯಬೇಕು. 1800-11-2356 ಎಂಬ ಉಚಿತ ಸಹಾಯವಾಣಿಯ ಸಂಖ್ಯೆ 2018ರಿಂದ ತಂಬಾಕಿನ ಪೊಟ್ಟಣಗಳ ಮೇಲೆಯೇ ಅಚ್ಚಾಗುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಆ ಸೇವೆಯಲ್ಲಿ ಸೇರಿದೆ. ಪೊಟ್ಟಣ ಒಡೆಯುವ ಎಷ್ಟು ಜನ ಅದನ್ನು ಓದಿರಬಹುದು?

ಬಿಡುವ ಶಕ್ತಿ ನಮ್ಮ ಜನಕ್ಕೆ ಇಲ್ಲವೆಂದು ಯಾರೂ ಹೇಳಬಾರದು. ಶ್ರಾವಣ ಬಂದರೆ ತಿಂಗಳು ಪೂರ್ತಿ ಬೀಡಿ ಮುಟ್ಟದವರು ನಮ್ಮ ಊರುಗಳಲ್ಲಿದ್ದಾರೆ. ಅಯ್ಯಪ್ಪನ ಮಾಲೆ ಹಾಕಿ 41 ದಿನ ಬಿಟ್ಟವರಿದ್ದಾರೆ. ವೈದ್ಯರು ಹೇಳುವಂತೆ ನಿಕೋಟಿನ್ ಬಿಟ್ಟಾಗಿನ ಚಡಪಡಿಕೆ ಮೊದಲ ಮೂರು ದಿನ ಬಹಳ ತೀವ್ರ, ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುತ್ತದೆ. ಅಂದರೆ ಶ್ರಾವಣ ಮುಗಿಸಿದ ಮನುಷ್ಯ ಕಡಿದಾದ ಏರನ್ನು ಆಗಲೇ ಹತ್ತಿ ಆಚೆ ಇಳಿದಿರುತ್ತಾನೆ. ಮರುದಿನ ಅವನು ಬೀಡಿ ಹಚ್ಚುವುದು ಹೆಚ್ಚಾಗಿ ದೇಹ ಕೇಳಿದ್ದಕ್ಕಲ್ಲ, ವಾಯಿದೆ ಮುಗಿಯಿತು ಎಂಬ ಕಾರಣಕ್ಕೆ.

ಇಳಕಲ್ಲಿನ ಮಠದ ಡಾ. ಮಹಾಂತ ಶಿವಯೋಗಿಗಳಿಗೆ ವಾಯಿದೆಯ ಈ ತೊಡಕು ತಿಳಿದಿತ್ತು ಎನಿಸುತ್ತದೆ. 1970ರ ದಶಕದಲ್ಲಿ ಅವರು ಜೋಳಿಗೆ ಹಿಡಿದು ಕೇರಿ ಕೇರಿ ತಿರುಗತೊಡಗಿದರು. ಕಾಳು, ಕಾಸು ಕೇಳಲಿಲ್ಲ, ದುಶ್ಚಟವನ್ನೇ ಭಿಕ್ಷೆಯಾಗಿ ಬೇಡಿದರು. ಬೇಡುವವನು ಸ್ವಾಮಿ, ಕೊಡುವವನು ಬೀಡಿ ಸೇದುವ ಕೂಲಿಕಾರ. ತಪ್ಪಿತಸ್ಥನಂತೆ ತಲೆ ತಗ್ಗಿಸಿ ನಿಲ್ಲಬೇಕಾದವನನ್ನು ಅವರು ದಾನಿಯ ಜಾಗದಲ್ಲಿ ನಿಲ್ಲಿಸಿದರು. ಜೋಳಿಗೆಗೆ ಹಾಕಿದ್ದನ್ನು ತಿರುಗಿ ಕೇಳುವಂತಿಲ್ಲ, ಅರ್ಧ ಹಾಕುವಂತೆಯೂ ಇಲ್ಲ. ಮನೆಯಲ್ಲಿ ಸೇದುವವನನ್ನು ಬೈದು, ಮೂದಲಿಸಿ ಸೋತ ನಮಗೆ ಕಲಿಯಲು ಅಲ್ಲಿ ಬಹಳವಿದೆ. ಬಿಟ್ಟು ಮತ್ತೆ ಹಿಡಿದವನನ್ನು “ನಿನ್ನ ಕೈಲೆ ಆಗೂದಿಲ್ಲ ಬಿಡು” ಎನ್ನುವವರು ನೆನಪಿಡಬೇಕು, ಕೊನೆಗೆ ಬಿಟ್ಟವರಲ್ಲಿ ಬಹುಪಾಲು ಜನ ಹಲವು ಸಲ ಸೋತವರೇ.

ಆ ಶಿವಯೋಗಿಗಳು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಆ ದಿನ ಪ್ರತಿಜ್ಞೆ ಬೋಧಿಸುವುದರ ಜೊತೆಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸರ್ಕಾರಿ ಆಸ್ಪತ್ರೆಗಳಲ್ಲಿ ಒಬ್ಬರು ಕುಳಿತು ಗಮ್ ತಿನ್ನುವುದನ್ನು ತೋರಿಸಿಕೊಡಲಿ. ಇಂಥ ದಿನದಿಂದ ಪೂರ್ತಿ ಬಂದ್ ಎಂದು ಬಂದವನ ಕೈಯಿಂದಲೇ ತಾರೀಖು ಬರೆಸಿಕೊಳ್ಳಲಿ, ಆ ತಾರೀಖಿನಿಂದ ಮೂರನೆಯ ದಿನ ಅವನಿಗೆ ಫೋನ್ ಮಾಡಲಿ.