ರಸ್ತೆ ಮುಚ್ಚಿದಾಗ

ಒಂದು ಸಲ ಮನಾಲಿಯ ಹಾಸ್ಟೆಲ್‌ನಲ್ಲಿ ಮೂರು ದಿನ ಹಿಮದಿಂದಾಗಿ ಸಿಕ್ಕಿಹಾಕಿಕೊಂಡೆ. ಬಸ್ ಇಲ್ಲ, ಕರೆಂಟ್ ಇಲ್ಲ. ಭಾನುವಾರ ಬೆಂಗಳೂರಿನಲ್ಲಿ ನಾನು ವಾಕ್ಯ ಹೇಳಬೇಕಿತ್ತು. ಕಂಬಳಿ ಹೊದ್ದು, "ಕರ್ತನೇ, ರಸ್ತೆ ತೆರೆ" ಅಂತ ಜೋರಾಗಿ ಪ್ರಾರ್ಥಿಸ್ತಾ ಇದ್ದೆ. ಹೊರಗೆ ಹಾಸ್ಟೆಲ್ ಹುಡುಗ ಒಬ್ಬನೇ ನಮಗೋಸ್ಕರ ಕಟ್ಟಿಗೆ ಹೊರುತ್ತಿದ್ದ. ಎರಡು ದಿನ ಅವನ ಹೆಸರೂ ನಾನು ಕೇಳಲಿಲ್ಲ.

ಮೂರನೇ ಬೆಳಿಗ್ಗೆ ಅಪೊಸ್ತಲರ ಕೃತ್ಯಗಳು 28 ಓದಿದೆ. ಪೌಲನು ರೋಮಿಗೆ ಹೋಗಬೇಕಿತ್ತು. ಹಡಗು ಒಡೆದು, ಅವನೂ ಸೇರಿ 276 ಜನ ಮಾಲ್ಟಾ ದ್ವೀಪ ಸೇರಿದರು. ಮೂರು ತಿಂಗಳು ಅಲ್ಲೇ. ಮಳೆ, ಚಳಿ. ಅಂಥ ಅಪೊಸ್ತಲ ಮೊದಲು ಏನು ಮಾಡಿದ? ಬೆಂಕಿಗೆ ಕಟ್ಟಿಗೆ ಕೂಡಿಸಿದ! ರೋಗಿಗಳ ಮೇಲೆ ಕೈಯಿಟ್ಟದ್ದು ಆಮೇಲೆ.

ನನಗೆ ನಾಚಿಕೆಯಾಯ್ತು. ಕೆಳಗಿಳಿದು ಅವನ ಜೊತೆ ಕಟ್ಟಿಗೆ ಹೊತ್ತೆ. ಸಂಜೆ ಬೆಂಕಿ ಮುಂದೆ ಅವನಂದ: "ಭೈಯಾ, ಎರಡು ದಿನದಿಂದ ನಿಮ್ಮ ಪ್ರಾರ್ಥನೆ ಕೇಳಿಸ್ತಿತ್ತು. ಅಮ್ಮನಿಗೆ ಹುಷಾರಿಲ್ಲ. ಅವಳಿಗೂ ಮಾಡ್ತೀರಾ?"

ಇಬ್ಬರೂ ಅಲ್ಲೇ ಮೊಣಕಾಲೂರಿದೆವು.

ಪ್ರಿಯರೇ, ನಿಮ್ಮ ವೀಸಾ, ಕೆಲಸ, ಮದುವೆ ನಿಂತುಹೋಗಿದೆಯಾ? ರಸ್ತೆ ತೆರೆಯೋದು ಕರ್ತನ ಕೆಲಸ. ಅಲ್ಲಿವರೆಗೆ ನಿಮ್ಮ ಪಕ್ಕದಲ್ಲಿ ಚಳಿಯಲ್ಲಿ ನಿಂತಿರೋರು ಯಾರು ಅಂತ ನೋಡಿ. ಆಮೆನ್.