ಬಡಿಸುವವನ ಹಸಿವು

ತತ್ತ್ವಾರ್ಥಸೂತ್ರವು ತಪಸ್ಸನ್ನು ಬಾಹ್ಯ, ಆಭ್ಯಂತರ ಎಂದು ಎರಡಾಗಿ ವಿಂಗಡಿಸಿ, ಒಂದೊಂದರಲ್ಲಿ ಆರಾರು ಭೇದಗಳನ್ನು ಹೇಳುತ್ತದೆ. ಬಾಹ್ಯ ತಪಸ್ಸಿನಲ್ಲಿ ಮೊದಲನೆಯದು ಅನಶನ. ಆಭ್ಯಂತರ ತಪಸ್ಸಿನಲ್ಲಿ ಪ್ರಾಯಶ್ಚಿತ್ತ, ವಿನಯಗಳ ಬೆನ್ನಿಗೇ ಬರುವುದು ವೈಯಾವೃತ್ಯ, ಎಂದರೆ ಶುಶ್ರೂಷೆ. ಎರಡೂ ತಪಸ್ಸೇ ಆದರೂ ಸಮಾಜದ ಆದರ ಮಾತ್ರ ಎರಡಕ್ಕೂ ಸಮವಾಗಿ ದೊರೆತಿಲ್ಲ. ಹತ್ತು ದಿನ ಉಪವಾಸ ಮಾಡಿದವನಿಗೆ ಪಾರಣೆಯ ದಿನ ಹಾರ ಬೀಳುತ್ತದೆ. ಪಾರಣೆಯ ಅಡಿಗೆ ಮಾಡಿದವನು ಆ ಹೊತ್ತಿಗೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿರುತ್ತಾನೆ. ಇದು ಇಂದಿನ ರೂಢಿಯೇನಲ್ಲ. ಸುಗಂಧವರ್ತಿ ಎನಿಸಿದ್ದ ಸವದತ್ತಿಯ 980ರ ಶಾಸನವು ಬಸದಿಗೆ ಭೂಮಿ ಬಿಟ್ಟ ರಟ್ಟರ ಶಾಂತಿವರ್ಮನ ಹೆಸರನ್ನು ಸಾವಿರ ವರ್ಷ ಕಾಪಾಡಿದೆ. ಆ ಭೂಮಿಯನ್ನು ಉತ್ತವರಿಗೂ ಅದರ ಬೆಳೆಯನ್ನು ಬೇಯಿಸಿದವರಿಗೂ ಕಲ್ಲಿನಲ್ಲಿ ಎಡೆ ದೊರೆಯಲಿಲ್ಲ.

ಪ್ರಕೃತ ವಿಚಾರಕ್ಕೆ ಒಂದು ಸಣ್ಣ ಸಂದರ್ಭವೇ ಸಾಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಬಯಲು ವೈಶಾಖದಲ್ಲಿ ಕಾದ ಹಂಚಿನಂತಾಗುತ್ತದೆ. ಶಾಲೆಗೆ ರಜೆ. ಈ ಕಡೆಯ ಶ್ರಾವಕ ಮನೆತನಗಳ ಮಕ್ಕಳಿಗಾಗಿ ಸಂಸ್ಕಾರ ಶಿಬಿರವನ್ನು ನಡೆಸುವವರು ಗುಡ್ಡದ ಮೇಲಿನ ಸ್ಥಳವನ್ನು ಅರಸುವುದು ಸಹಜ. ಗಾಳಿ ಇರುತ್ತದೆ, ಪೇಟೆಯ ಗದ್ದಲ ಇರುವುದಿಲ್ಲ. 1899ರಲ್ಲಿ ದಕ್ಷಿಣ ಭಾರತ ಜೈನ ಸಭೆ ಹುಟ್ಟಿದ ನಿಪ್ಪಾಣಿ ಬಳಿಯ ತವನಿಧಿ, 28 ಅಡಿಯ ಬಾಹುಬಲಿ ಮೂರ್ತಿ ನಿಂತಿರುವ ಕುಂಭೋಜದ ಗುಡ್ಡ, ಇಂಥ ಕ್ಷೇತ್ರಗಳಲ್ಲಿ ಬಸದಿಯೂ ಹತ್ತಿರ, ತಂಗಲು ನೆರಳೂ ಉಂಟು. ಶಿಬಿರದ ಕರಪತ್ರದಲ್ಲಿ ಪಾಠ ಹೇಳುವವರ ಹೆಸರುಗಳು ಅಚ್ಚಾಗಿರುತ್ತವೆ. ಕೊನೆಯ ಸಾಲಿನಲ್ಲಿ ‘ಸ್ವಯಂಸೇವಕರು’ ಎಂಬ ಒಂದೇ ಪದ. ಕಾಲೇಜಿನ ಹುಡುಗರು, ಹೊಲದ ಕೆಲಸ ಮುಗಿಸಿ ಬಂದ ರೈತರು, ಅಂಗಡಿಯ ಗುಮಾಸ್ತರು ಆ ಒಂದು ಪದದೊಳಗೆ ಅಡಗಿರುತ್ತಾರೆ.

ಅವರ ಕೆಲಸವೇನೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ನೀರನ್ನು ಎರಡು ಮಡಿಕೆಯ ದಪ್ಪ ಬಟ್ಟೆಯಲ್ಲಿ ಗಾಳಿಸಬೇಕು. ಬಟ್ಟೆಯಲ್ಲಿ ಉಳಿದ ಜೀವಗಳನ್ನು ನೀರು ಸೇದಿದ ಬಾವಿಗೇ ಮೆಲ್ಲಗೆ ಇಳಿಸಬೇಕು. ಹೀಗೆ ಗಾಳಿಸಿದ ನೀರಿನ ಮರ್ಯಾದೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಆಮೇಲೆ ಮತ್ತೆ ಗಾಳಿಸಬೇಕು. ಮನೆಯಲ್ಲಿ ಐದಾರು ಜನಕ್ಕೆ ಇದು ದೊಡ್ಡದಲ್ಲ. ನೂರು ಮಕ್ಕಳು, ಬಿರುಬೇಸಿಗೆ, ಬಾವಿ ಗುಡ್ಡದ ಬುಡದಲ್ಲಿ ಎಂದಾಗ ಈ 48 ನಿಮಿಷದ ಅರ್ಥವೇ ಬೇರೆಯಾಗುತ್ತದೆ. ಇನ್ನು ಸಂಜೆಯ ಊಟ. ರಾತ್ರಿಭೋಜನ ತ್ಯಾಗವನ್ನು ಕಟ್ಟುನಿಟ್ಟಾಗಿ ಪಾಲಿಸುವವರು ಸೂರ್ಯಾಸ್ತಕ್ಕೆ ಎರಡು ಗಳಿಗೆ ಮುಂಚೆಯೇ ಕೈತೊಳೆಯುತ್ತಾರೆ. ಮೇ ತಿಂಗಳ ಕೊನೆಗೆ ಈ ಭಾಗದಲ್ಲಿ ಸೂರ್ಯ ಮುಳುಗುವುದು ಏಳು ಗಂಟೆಗೆ ತುಸು ಮುಂಚೆ. ಆರು ದಾಟಿದ ಸ್ವಲ್ಪ ಹೊತ್ತಿನಲ್ಲೇ ಎಲ್ಲ ಸಾಲುಗಳೂ ಏಳಬೇಕು. ಗುಡ್ಡದ ಪೂರ್ವದ ಮಗ್ಗುಲಲ್ಲಿ ಶಿಬಿರವಿದ್ದರೆ ನೆರಳು ಇನ್ನೂ ಬೇಗ ಬೀಳುತ್ತದೆ. ಗುಡ್ಡ ಮರೆಮಾಡಿದರೆ ಅಸ್ತವಾದಂತೆಯೇ ಎಂದು ಹುಡುಗರು ಕೇಳದೆ ಬಿಡುವುದಿಲ್ಲ. ಆಗುವುದಿಲ್ಲ, ಆದರೆ ಬಡಿಸುವವನ ಎದೆ ಅಷ್ಟರಲ್ಲಿ ಹೊಡೆದುಕೊಳ್ಳತೊಡಗಿರುತ್ತದೆ.

ಈಗ ಒಬ್ಬ ಸ್ವಯಂಸೇವಕನನ್ನು ಕಲ್ಪಿಸಿಕೊಳ್ಳಬಹುದು. ಮೂರನೆಯ ಸಾಲಿಗೆ ಬಡಿಸುವಾಗ ಒಬ್ಬ ಹುಡುಗ ಬಿಸಿಲಿನ ಬಾಧೆಯಿಂದ ವಾಂತಿ ಮಾಡಿಕೊಂಡ. ಇವನು ಅವನನ್ನು ಎತ್ತಿಕೊಂಡು ಹೋಗಿ, ಮೈ ಒರೆಸಿ, ಮಲಗಿಸಿ, ನೆಲ ಬಳಿದು ಬರುವಷ್ಟರಲ್ಲಿ ಸೂರ್ಯ ಮುಳುಗಿದ್ದ. ಇವನಿಗೂ ರಾತ್ರಿಭೋಜನ ತ್ಯಾಗದ ನಿಯಮವಿದೆ. ಹಾಗೆಯೇ ಮಲಗಿದ. ಮರುದಿನ ಬೆಳಿಗ್ಗೆ ಹಿರಿಯರೊಬ್ಬರು, ‘ಅನಾಯಾಸವಾಗಿ ನಿನಗೆ ಉಪವಾಸದ ಫಲ ದೊರೆಯಿತು’ ಎಂದು ಮೆಚ್ಚಿ ನುಡಿದರು. ಈ ಮೆಚ್ಚುಗೆ ಶಾಸ್ತ್ರಸಮ್ಮತವೇ?

ಅಲ್ಲವೆಂದೇ ಹೇಳಬೇಕು. ಉಪವಾಸಕ್ಕೆ ಪ್ರತ್ಯಾಖ್ಯಾನ ಬೇಕು. ತ್ಯಜಿಸುತ್ತೇನೆ ಎಂಬ ಸಂಕಲ್ಪವಿಲ್ಲದೆ ತಪ್ಪಿಹೋದ ಊಟ ತಪ್ಪಿಹೋದ ಊಟವೇ. ಇಚ್ಛೆಯಿಲ್ಲದೆ ಸಹಿಸಿದ ಹಸಿವು ಬಾಯಾರಿಕೆಗಳಿಂದ ಆಗುವುದು ಅಕಾಮ ನಿರ್ಜರೆ. ಅದಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ಉದಾಹರಣೆ ಸೆರೆಯಲ್ಲಿ ಕಟ್ಟಿಹಾಕಲ್ಪಟ್ಟವನದು. ಆ ಹಿರಿಯರ ಮಾತನ್ನು ಕೊನೆಯವರೆಗೆ ಒಯ್ದರೆ ಸ್ವಯಂಸೇವಕನು ಸೆರೆಯಾಳಿನ ಪಂಕ್ತಿಯಲ್ಲಿ ಕೂತಂತಾಯಿತು. ಅದೂ ಸರಿಯಲ್ಲ. ಅವನನ್ನು ಯಾರೂ ಕಟ್ಟಿಹಾಕಿರಲಿಲ್ಲ; ಹುಡುಗನನ್ನು ಇನ್ನೊಬ್ಬರಿಗೆ ಬಿಟ್ಟು ಎಲೆಯ ಮುಂದೆ ಕೂರಬಹುದಾಗಿತ್ತು. ಕೂರಲಿಲ್ಲ. ಆದುದರಿಂದ ಮೆಚ್ಚಬೇಕಾದದ್ದಿದ್ದರೆ ಅದು ಹುಡುಗನ ಹಾಸಿಗೆಯ ಬಳಿ ನಡೆದದ್ದು. ಬರಿಯ ಹೊಟ್ಟೆಯನ್ನು ಹೊಗಳಿದವರು ಬೇರೆಡೆ ನೋಡಿದರು.

ಇದಕ್ಕಿಂತ ತೊಡಕಾದ ಪ್ರಶ್ನೆ ಶಿಬಿರಕ್ಕೆ ಸೇರಿದ್ದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಾಲ್ಕನೆಯ ಶಿಕ್ಷಾವ್ರತವನ್ನು ಅತಿಥಿಸಂವಿಭಾಗವೆನ್ನದೆ ವೈಯಾವೃತ್ಯವೆಂದೇ ಕರೆದಿದ್ದಾರೆ. ಅದಕ್ಕೆ ಮುಂಚಿನದು ಪ್ರೋಷಧೋಪವಾಸ. ಎರಡರ ಅತಿಚಾರಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಅನಾದರ, ಅಸ್ಮರಣ ಎಂಬೆರಡು ಎರಡೂ ಕಡೆ ಕಾಣುತ್ತವೆ. ಉಪವಾಸ ಕೆಡುವುದೂ ಸೇವೆ ಕೆಡುವುದೂ ಆದರವಿಲ್ಲದೆ, ನೆನಪಿಲ್ಲದೆ. ಆ ಸಂಜೆ ನೂರು ಮಕ್ಕಳ, ಹತ್ತು ಗುರುಗಳ ವ್ರತ ಅಭಂಗವಾಗಿ ಉಳಿಯಿತು. ಬಡಿಸಿದವನು ಉಂಡನೇ ಎಂದು ನೆನೆದವರು ಒಬ್ಬರೂ ಇರಲಿಲ್ಲ.

ಸೂತ್ರದಲ್ಲಿ ವೈಯಾವೃತ್ಯಕ್ಕೆ ಪಾತ್ರರಾದ ಹತ್ತು ಬಗೆಯವರು ಸಾಧುವರ್ಗದವರು, ಅಲ್ಲಿಯ ‘ಶೈಕ್ಷ’ ಶಿಕ್ಷಣದಲ್ಲಿರುವ ಮುನಿಯೇ ಹೊರತು ರಜೆಗೆ ಬಂದ ಹುಡುಗನಲ್ಲ, ಸಮಂತಭದ್ರರೂ ಸಂಯಮಿಗಳ ಸೇವೆಯನ್ನೇ ಹೇಳಿದ್ದಾರೆ ಎಂದು ಪಂಡಿತರು ಆಕ್ಷೇಪಿಸಬಹುದು. ಆಕ್ಷೇಪ ನಿಜ. ಆದರೆ ಶಿಕ್ಷಾವ್ರತವೆಂದರೆ ಅಭ್ಯಾಸದ ವ್ರತ. ಕಾಯಿಲೆಯ ಹುಡುಗನ ವಾಂತಿ ಬಳಿಯಲು ಹೇಸುವವನು ಗ್ಲಾನ ಮುನಿಯ ಬಳಿ ಏನು ಮಾಡಿಯಾನು?

ಮುನಿಗಳ ವಿಷಯದಲ್ಲಂತೂ ಶಾಸ್ತ್ರದ ವ್ಯವಸ್ಥೆ ಅಚ್ಚರಿಪಡುವಷ್ಟು ವಿವರವಾಗಿದೆ. ಶಿವಾರ್ಯರ ಭಗವತೀ ಆರಾಧನೆಯಲ್ಲಿ ಸಲ್ಲೇಖನೆ ಕೈಗೊಂಡ ಕ್ಷಪಕನಿಗೆ 48 ಮಂದಿ ನಿರ್ಯಾಪಕರನ್ನು ಹೇಳಿದೆ. ಮೈ ಹೊರಳಿಸಲು ನಾಲ್ವರು, ಧರ್ಮ ಹೇಳಲು ನಾಲ್ವರು, ಬಾಗಿಲು ಕಾಯಲು ನಾಲ್ವರು, ಹೀಗೆ ಪಾಲು ಹಂಚಿಕೆ. ಎಲ್ಲಕ್ಕಿಂತ ದೊಡ್ಡ ಉಪವಾಸಕ್ಕೆ ಎಲ್ಲಕ್ಕಿಂತ ಹೆಚ್ಚು ಕೈಗಳು! ಕಾಲದೋಷದಿಂದ ಅಷ್ಟು ಜನ ಸಿಗದಿದ್ದರೆ ಸಂಖ್ಯೆ ಇಳಿಯಬಹುದು, ಇಬ್ಬರವರೆಗೆ. ಒಬ್ಬನೇ ಆಗಕೂಡದು. ಒಬ್ಬನೇ ಇದ್ದು ಆಹಾರಕ್ಕೆ ಹೋದರೆ ಕ್ಷಪಕನನ್ನು ತೊರೆದಂತೆ. ಹೋಗದಿದ್ದರೆ ತನ್ನನ್ನೇ ತೊರೆದಂತೆ. ಎರಡರಿಂದಲೂ ಧರ್ಮಕ್ಕೆ ಹಾನಿ. ಸೇವಕನ ಊಟವನ್ನು ಆ ಆಚಾರ್ಯರು ಅವನ ಸ್ವಂತ ವಿಷಯವೆಂದು ಬಿಡಲಿಲ್ಲ ಎಂಬುದನ್ನು ಗಮನಿಸಬೇಕು.

ಶಿಬಿರಕ್ಕೆ ಇದನ್ನು ಅನ್ವಯಿಸುವುದು ಕಠಿನವಲ್ಲ. ನೀರಿಗೆ ಇಬ್ಬರು, ಬಡಿಸಲು ಇಬ್ಬರು, ಕಾಯಿಲೆಯವರ ಬಳಿ ಇಬ್ಬರು. ಪ್ರತಿ ಜೋಡಿಯಲ್ಲಿ ಒಬ್ಬನು ಮೊದಲ ಸಾಲಿನಲ್ಲೇ ಉಂಡಿರಬೇಕು. ಅಷ್ಟಮಿ, ಚತುರ್ದಶಿಯ ನಿಯಮವಿರುವ ಸ್ವಯಂಸೇವಕರು ಅದನ್ನು ಮೊದಲೇ ತಿಳಿಸಬೇಕು. ಪ್ರೋಷಧದ ದಿನ ಆರಂಭಗಳನ್ನು ಬಿಡಬೇಕೆಂಬ ವಿಧಿಯಿರುವಾಗ ಅಂದು ಒಲೆಯ ಮುಂದೆ ನಿಲ್ಲುವುದು ವ್ರತಕ್ಕೂ ಸಲ್ಲದು, ಮಧ್ಯಾಹ್ನ ಕೊಡದೊಡನೆ ಕುಸಿದರೆ ಮಕ್ಕಳಿಗೂ ಸಲ್ಲದು. ಅಂಥವರಿಗೆ ಆ ದಿನ ಸ್ವಾಧ್ಯಾಯದ ಗುಂಪನ್ನು ಒಪ್ಪಿಸಬಹುದು. ಉಪವಾಸವನ್ನು ಕೆಲಸ ತಪ್ಪಿಸುವ ನೆಪ ಮಾಡಿಕೊಳ್ಳುವವರೂ ಇದ್ದಾರು. ಅವರಿಗೆ ಊಟವಿರುವ ದಿನಗಳಲ್ಲಿ ಒಂದು ಕೊಡ ಹೆಚ್ಚಾಗಿ ಹೊರಿಸಿದರೆ ಸಾಕು.

ಹಿರಿಯರೂ ಮಕ್ಕಳೂ ಕಾದಿರುವಾಗ ಮೊದಲ ಸಾಲಿನಲ್ಲಿ ಕೂರಲು ಬಡಿಸುವವರು ಸಂಕೋಚಪಡುತ್ತಾರೆ. ಗುರುಗಳು ಐದು ಗಂಟೆಗೇ ಅವರ ಎಲೆ ಹಾಕಿಸಿ, ಆ ಒಂದು ಸಾಲಿಗೆ ತಾವೇ ಬಡಿಸಿದರೆ ಆ ಸಂಕೋಚ ಎರಡನೆಯ ದಿನಕ್ಕೆ ಉಳಿಯುವುದಿಲ್ಲ.