ಜೊತೆಗೇ ತಿರುಗುವ ಸ್ಟಡ್



ಸಿಂಧನೂರಿನಿಂದ ಮಸ್ಕಿ, ಲಿಂಗಸುಗೂರು ದಾರಿಯಲ್ಲಿ ಭತ್ತ ಹೊತ್ತು ಓಡಾಡುವ ಗಾಡಿಗಳ ಶಾಕ್ ಅಬ್ಸಾರ್ಬರ್ ಬಿಚ್ಚುವುದನ್ನು ನೋಡಿದವರಿಗೆ ಇದು ಗೊತ್ತು. ಮೇಲಿನ ನಟ್ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಪಾನಾ ಹಾಕಿ ತಿರುಗಿಸಿದರೆ ನಟ್ಟಿನ ಜೊತೆ ಸ್ಟಡ್ಡೂ ತಿರುಗುತ್ತದೆ. ಇನ್ನಷ್ಟು ಜೋರು ಹಾಕಿದರೆ ಇನ್ನಷ್ಟು ತಿರುಗುತ್ತದೆ, ಅಷ್ಟೇ. ಮಿಸ್ತ್ರಿ ಡೀಸೆಲ್ ಬಿಟ್ಟು ಕಾಯುತ್ತಾನೆ. ಆಮೇಲೆ ಸ್ಟಡ್ಡಿನ ತುದಿಯನ್ನು ಇನ್ನೊಂದು ಪಾನಾದಿಂದ ಅಲುಗದಂತೆ ಹಿಡಿಯುತ್ತಾನೆ. ಆಗ ನಟ್ ಸಡಿಲಾಗುತ್ತದೆ.

ಸಮ್ಯಕ್ ವ್ಯಾಯಾಮ ಎಂದರೆ ಬರೀ ಜೋರು ಹಾಕುವುದೇ?

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳು ನಮ್ಮವರಿಗೆ ಬಾಯಿಪಾಠ. ಮಗಳಿಗೆ ಸಂಬಂಧ ನೋಡುವಾಗ ಮಾತ್ರ ಕೆಲವರು ಮೆಲ್ಲಗೆ ಕೇಳುತ್ತಾರೆ, "ಅವರು ಯಾವ ಒಳಪಂಗಡ?" ಜಾತಿಯನ್ನು ಬಿಚ್ಚಲು ಹೊರಟವರು ಅದರ ಜೊತೆಗೇ ತಿರುಗುತ್ತಿದ್ದಾರೆ. ಇದಕ್ಕೆ ಅವರ ಮನಸ್ಸು ಗಟ್ಟಿಯಿಲ್ಲ ಎಂದು ಬೈಯುವುದು ನನಗೆ ಒಪ್ಪಿಗೆಯಿಲ್ಲ. ಹಿಡಿದುಕೊಳ್ಳುವ ಕೈ ಅಲ್ಲಿರಲಿಲ್ಲ.

ನಮ್ಮ ಮಸ್ಕಿಯ ಬಂಡೆಶಾಸನ ನೋಡಿ (1915ರಲ್ಲಿ ಅದನ್ನು ಗುರುತಿಸಿದ್ದು ಚಿನ್ನದ ಗಣಿಯ ಎಂಜಿನಿಯರ್ ಬೀಡನ್). ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷವಾಯಿತು ಎನ್ನುವ ಅಶೋಕ, ಮುಂದೆ ಸಂಘದ ಹತ್ತಿರ ಹೋದದ್ದನ್ನೂ ಬರೆಸಿದ್ದಾನೆ. ಚಕ್ರವರ್ತಿಗೂ ಸಂಘ ಬೇಕಾಯಿತು! ಧಮ್ಮದಲ್ಲಿ ತೊಡಗಿದ ಸಣ್ಣವನೂ ಇದನ್ನು ಪಡೆಯಬಲ್ಲ ಎಂಬ ಮಾತೂ ಅದೇ ಬಂಡೆಯಲ್ಲಿದೆ.

ಒಳಪಂಗಡ ಮೀರಿ ಮದುವೆ ಮಾಡಲು ಒಬ್ಬ ತಂದೆ ಮುಂದಾದರೆ, ಊಟದ ದಿನ ನಾವೆಲ್ಲ ಹೋಗುತ್ತೇವೆ. ಅದಕ್ಕೂ ಮೊದಲು, ಬೀಗರು ಮತ್ತು ಅಣ್ಣತಮ್ಮಂದಿರು ಸೇರಿ ಅವನನ್ನು ಪ್ರಶ್ನಿಸುವ ಸಂಜೆ, ಪಕ್ಕದಲ್ಲಿ ಹೋಗಿ ಕೂರುವವರು ಯಾರು?